ಬೆಂಗಳೂರಲ್ಲಿ ಜಿಐಎಸ್ ಎಂ.ಎಸ್ಸಿ: ಸೇರೋಕ್ ಮುಂಚೆ ಇದನ್ನೊಂದ್ಸಲ ಓದ್ಕೊಳ್ಳಿ

ಅಡ್ಮಿಷನ್ ಟೈಮ್ ಬಂತು ಅಂದ್ರೆ ಸಾಕು, ಜಿಯಾಗ್ರಫಿ, ಜಿಯಾಲಜಿ, ಸಿವಿಲ್ ಮುಗಿಸಿರೋ ಹುಡುಗ್ರು ಮೆಸೇಜ್ ಮಾಡೋಕೆ ಶುರು ಮಾಡ್ತಾರೆ, ಅಣ್ಣಾ ಜಿಐಎಸ್ ಮಾಡ್ಲಾ, ಸ್ಕೋಪ್ ಇದ್ಯಾ, ಕಟ್ಟೋ ಫೀಸು ದಂಡ ಆಗಲ್ಲ ತಾನೇ ಅಂತ. ಜಿಐಎಸ್ ಅಂದ್ರೆ ಯಾವುದು ಎಲ್ಲಿದೆ ಅನ್ನೋ ಡೇಟಾನ ಕಂಪ್ಯೂಟರಲ್ಲಿ ಮ್ಯಾಪ್ ಮಾಡಿ ಲೆಕ್ಕ ಹಾಕೋದು. ಒಬ್ಬೊಬ್ಬರಿಗೂ ಟೈಪ್ ಮಾಡಿ ಸಾಕಾಗಿದೆ, ಅದಕ್ಕೆ ಇಲ್ಲೇ ಒಟ್ಟಿಗೆ ಬರೆದು ಹಾಕ್ತಿದ್ದೀನಿ. ನಾನು ಓದಿದ್ದು ಬೆಂಗಳೂರಿನ ಒಂದು ಯೂನಿವರ್ಸಿಟಿಲಿ, ಎರಡು ವರ್ಷದ ಎಂ.ಎಸ್ಸಿ ಜಿಯೋಇನ್ಫರ್ಮ್ಯಾಟಿಕ್ಸ್, ಅಂದ್ರೆ ಇದೇ ಜಿಐಎಸ್ ಕೋರ್ಸು. ಹೆಸರು ಹಾಕಲ್ಲ, ಕೇಳ್ಬೇಡಿ. ಬೇರೆ ಕಡೆ ಓದಿರೋ ಫ್ರೆಂಡ್ಸ್ ಜೊತೆ ಮಾತಾಡಿದ್ರೆ ಅವರದ್ದೂ ಹೆಚ್ಚೂಕಮ್ಮಿ ಇದೇ ಕಥೆ.

ಮೊದ್ಲೇ ಹೇಳ್ಬಿಡ್ತೀನಿ, ಸಾಫ್ಟ್‌ವೇರ್ ಕಲಿಯೋಕೆ ಅಂತ ಸೇರೋದಾದ್ರೆ ಬೇಡ, ದುಡ್ಡು ವೇಸ್ಟು. ಸ್ಪೇಷಿಯಲ್ ಅನಾಲಿಸಿಸ್ (ಜಾಗಜಾಗದ ಅಂಕಿಗಳ ನಡುವಿನ ಸಂಬಂಧ ಲೆಕ್ಕ ಹಾಕೋದು) ಪೇಪರ್ರು, ಪ್ರೊಜೆಕ್ಷನ್ (ಗುಂಡಗಿರೋ ಭೂಮಿನ ಚಪ್ಪಟೆ ಮ್ಯಾಪಿಗೆ ಇಳಿಸೋದು) ಕ್ಲಾಸು, ಫೀಲ್ಡ್ ವರ್ಕು, ನಾನು ಕಟ್ಟಿದ ಫೀಸು ಪೂರ್ತಿ ಇವಕ್ಕೇ ಅಂತ ಈಗ ಲೆಕ್ಕ ಹಾಕ್ಕೊಂಡಿದ್ದೀನಿ. ಐದಕ್ಕೆ ಮೂರೂವರೆ ಸ್ಟಾರ್. ಲ್ಯಾಬ್ ಒಂದು ಸರಿ ಇದ್ದಿದ್ರೆ ನಾಲ್ಕೂವರೆ ಕೊಡ್ತಿದ್ದೆ.

ಸಿಲಬಸ್ ಬಗ್ಗೆ ಜಾಸ್ತಿ ಹೇಳೋದೇನಿಲ್ಲ. ಫಸ್ಟ್ ಸೆಮ್ ರಿಮೋಟ್ ಸೆನ್ಸಿಂಗ್ ಅಂದ್ರೆ ಸ್ಯಾಟಲೈಟ್ ಇಮೇಜ್ ಓದೋದು, ಕಾರ್ಟೋಗ್ರಫಿ ಅಂದ್ರೆ ಮ್ಯಾಪ್ ಬರೆಯೋದು, ಜಿಐಎಸ್ ಬೇಸಿಕ್ಸ್. ಆಮೇಲೆ ಸ್ಪೇಷಿಯಲ್ ಅನಾಲಿಸಿಸ್, ಫೋಟೋದಿಂದ ಅಳತೆ ತೆಗೆಯೋ ಫೋಟೋಗ್ರಾಮೆಟ್ರಿ, ಡೇಟಾಬೇಸ್. ಮೂರನೇ ಸೆಮ್ ಎಲೆಕ್ಟಿವ್, ನಾಲ್ಕನೇದು ಪ್ರಾಜೆಕ್ಟು. ಎಲ್ಲಾ ಕಡೆ ಹಿಂಗೇ ಇರತ್ತೆ. ಮೊದಲ ಕ್ಲಾಸಲ್ಲಿ ಜಾನ್ ಸ್ನೋ ಕಥೆ ಬಂದೇ ಬರತ್ತೆ, 1854ರಲ್ಲಿ ಲಂಡನ್ನಿನ ಸೋಹೋದಲ್ಲಿ ಕಾಲರಾ ಬಂದಾಗ ಸತ್ತವರ ಮನೆಗಳನ್ನ ಮ್ಯಾಪ್ ಮೇಲೆ ಗುರುತು ಹಾಕಿ, ಬ್ರಾಡ್ ಸ್ಟ್ರೀಟ್ ಪಂಪಿನ ನೀರೇ ಕಾರಣ ಅಂತ ತೋರಿಸಿದ ಡಾಕ್ಟ್ರು. ಊರಲ್ಲಿ ಯಾವ ಕೆಲಸಕ್ಕೂ ಮೊದ್ಲು ಗಣಪತಿ ಪೂಜೆ ಮಾಡ್ತಾರಲ್ಲ, ಹಾಗೆ ಜಿಐಎಸ್ ಕ್ಲಾಸಿಗೆ ಈ ಪುಣ್ಯಾತ್ಮ. ನಮ್ಮ ಮೇಡಂ ಅದರ ಹಿಂದೇನೇ 1898ರ ಬೆಂಗಳೂರು ಪ್ಲೇಗ್ ತಂದ್ರು, ಪೇಟೆ ಕಡೆಯ ಇಕ್ಕಟ್ಟು, ಆಮೇಲೆ ಬಸವನಗುಡಿ ಮಲ್ಲೇಶ್ವರ ಬಡಾವಣೆಗಳು ಬೆಳೆದಿದ್ದು, ಮನೆಗಳ ಹಿಂದೆ ಕಸ ಕೊಳೆ ಸಾಗಿಸೋಕೆ ಬಿಟ್ಟ ಕನ್ಸರ್ವೆನ್ಸಿ ಗಲ್ಲಿಗಳು ಯಾಕಿವೆ ಅನ್ನೋದು. ಅದು ಪರೀಕ್ಷೆಗೆ ಬರಲ್ಲ, ಆದ್ರೆ ಇವತ್ತಿಗೂ ನೆನಪಿರೋದು ಅದೇ.

ಈಗ ಪ್ರೊಜೆಕ್ಷನ್ ಕ್ಲಾಸ್. ಹೊಸಬ್ರು ಎಲ್ಲರೂ ಇದನ್ನ ಬೋರು ಅಂತಾರೆ, ನನ್ನ ಪ್ರಕಾರ ಇಡೀ ಕೋರ್ಸಲ್ಲಿ ಅತಿ ಜಾಸ್ತಿ ಕೆಲಸಕ್ಕೆ ಬರೋದೇ ಇದು. ಮೇಡಂ ಒಂದು ಸಣ್ಣ ಎಕ್ಸರ್ಸೈಸ್ ಕೊಟ್ರು, ಮೆಟ್ರೋ ಸ್ಟೇಷನ್ನುಗಳ ಪಾಯಿಂಟ್ ಫೈಲ್, ಸುತ್ತ 500 ಮೀಟರ್ ಬಫರ್, ಅಂದ್ರೆ ಅಷ್ಟು ದೂರದ ವೃತ್ತ ಹಾಕಿ ಅಂತ. ಮ್ಯಾಪಿನ ಒಂದೊಂದು ಅಳತೆ ಪದ್ಧತಿಗೂ ಇಪಿಎಸ್‌ಜಿ ಅಂತ ಒಂದು ಕೋಡ್ ನಂಬರ್ ಇರತ್ತೆ, ಫೈಲ್ ಇದ್ದಿದ್ದು 4326ರಲ್ಲಿ, ಅಂದ್ರೆ ಡಿಗ್ರಿ ಲೆಕ್ಕದಲ್ಲಿ. ಬಫರ್ ಬಾಕ್ಸಲ್ಲಿ 500 ಅಂತ ಹೊಡೆದ್ರೆ ಅದು 500 ಡಿಗ್ರಿ, ಭೂಮಿ ಸುತ್ತ ಇರೋದೇ 360. ಸ್ಕ್ರೀನ್ ತುಂಬ ಒಂದೇ ಬಣ್ಣ. ಕ್ಲಾಸಲ್ಲಿ ಅರ್ಧ ಜನ ಸಾಫ್ಟ್‌ವೇರ್ ಹಾಳಾಗಿದೆ ಮೇಡಂ ಅಂತ ಕೈ ಎತ್ತಿದ್ರು. ಆಮೇಲೆ ಅದನ್ನೇ ಯುಟಿಎಂ, ಅಂದ್ರೆ ಭೂಮಿನ ಆರಾರು ಡಿಗ್ರಿ ಪಟ್ಟಿ ಮಾಡಿ ಮೀಟರಲ್ಲಿ ಅಳೆಯೋ ಪದ್ಧತಿಯ ಝೋನ್ 43ಕ್ಕೆ, ಕೋಡ್ 32643ಕ್ಕೆ ರೀಪ್ರೊಜೆಕ್ಟ್ ಮಾಡ್ಸಿ ಮತ್ತೆ ಬಫರ್ ಹಾಕ್ಸಿದ್ರು, ಸರಿಯಾಗಿ ಬಂತು. ಇಷ್ಟನ್ನ ಯೂಟ್ಯೂಬಲ್ಲೂ ಹೇಳ್ಕೊಡ್ತಾರೆ ಬಿಡಿ. ಆದ್ರೆ ಅವರು ಅಲ್ಲಿಗೇ ನಿಲ್ಲಿಸ್ಲಿಲ್ಲ, ಈಗ ಕೋಲಾರಕ್ಕೆ ಹೋಗೋಣ ಅಂದ್ರು. ಝೋನ್ 43 ಮುಗಿಯೋದು 78 ಡಿಗ್ರಿ ಪೂರ್ವ ರೇಖಾಂಶಕ್ಕೆ, ಆ ಗೆರೆ ಹೊಸಕೋಟೆ ದಾಟಿದ್ಮೇಲೆ ಕೋಲಾರ ಸಿಗೋಕೆ ಮುಂಚೆ ಹಾದುಹೋಗತ್ತೆ. ಬೆಂಗಳೂರು ಒಂದು ಝೋನು, ಕೋಲಾರ ಇನ್ನೊಂದು. ಕೋಲಾರದ ಕೆರೆಗಳ ಫೈಲನ್ನ ಝೋನ್ 44ರಲ್ಲಿ ಮಾಡಿ, ಅದಕ್ಕೆ ಯಾರಾದ್ರೂ 43 ಅಂತ ಲೇಬಲ್ ಹಚ್ಚಿಬಿಟ್ರೆ ಕೆರೆಗಳೆಲ್ಲ ಆರು ಡಿಗ್ರಿ ಪಶ್ಚಿಮಕ್ಕೆ ಹೋಗಿ ಅರಬ್ಬಿ ಸಮುದ್ರದಲ್ಲಿ ಬೀಳ್ತವೆ. ನೀರಿಲ್ಲ ನೀರಿಲ್ಲ ಅಂತ ಅಳ್ತಿರೋ ಜಿಲ್ಲೆಯ ಕೆರೆಗಳನ್ನ ಸಮುದ್ರದ ಮಧ್ಯೆ ನೋಡಿ ಇಡೀ ಕ್ಲಾಸು ನಕ್ಕಿದ್ದು ಇನ್ನೂ ನೆನಪಿದೆ.

ಇನ್ನೊಂದು ವಿಷಯ, ಇದು ಜಮೀನಿನವರಿಗೆ ಬೇಕಾದ್ದು. ಆನ್‌ಲೈನ್ ಮ್ಯಾಪುಗಳು ಹೆಚ್ಚಾಗಿ ಓಡೋದು ವೆಬ್ ಮರ್ಕೇಟರ್ ಅನ್ನೋ ಪ್ರೊಜೆಕ್ಷನ್ ಮೇಲೆ, ಕೋಡ್ 3857. ನಮ್ಮ ಬೆಂಗಳೂರು ಇರೋದು ಸುಮಾರು 13 ಡಿಗ್ರಿ ಉತ್ತರಕ್ಕೆ, ಇಲ್ಲಿ ಆ ಪ್ರೊಜೆಕ್ಷನ್‌ನಲ್ಲೇ ನೇರವಾಗಿ ಏರಿಯಾ ತೆಗೆದ್ರೆ ನಿಜಕ್ಕಿಂತ ನೂರಕ್ಕೆ ಐದಾರು ಪಾಲು ಜಾಸ್ತಿ ತೋರಿಸತ್ತೆ. 40 ಗುಂಟೆ ಅಂದ್ರೆ ಒಂದು ಎಕ್ರೆ, ಅದು 42 ಗುಂಟೆ ದಾಟಿಬಿಡತ್ತೆ. ದೇವನಹಳ್ಳಿ ಕಡೆ ಎರಡು ಗುಂಟೆ ಅಂದ್ರೆ ಎಷ್ಟು ದುಡ್ಡು ಅಂತ ನಾನು ಹೇಳ್ಬೇಕಾ. ಟೂಲ್ ಯಾವ ಎರರ್ರೂ ಕೊಡಲ್ಲ, ನೀಟಾಗಿ ಡೆಸಿಮಲ್ ಸಮೇತ ತಪ್ಪು ಉತ್ತರ ಕೊಟ್ಟು ಸುಮ್ನಾಗತ್ತೆ. ಆಫೀಸಲ್ಲಿ ಇಂಟರ್ವ್ಯೂಗೆ ಬರೋ ಹುಡುಗ್ರಿಗೆ ನಾನು ಕೇಳೋ ಮೊದಲ ಪ್ರಶ್ನೆನೇ ಇದು, ಸರ್ಟಿಫಿಕೇಟ್ ಮೇಲೆ ಸರ್ಟಿಫಿಕೇಟ್ ಇರೋರೂ ಇಲ್ಲೇ ಎಡವೋದು.

ಸರಿ, ಈಗ ಬೈಗುಳದ ಭಾಗ. ಲ್ಯಾಬು.

ಬ್ರೋಷರಲ್ಲಿ ಸ್ಟೇಟ್ ಆಫ್ ದಿ ಆರ್ಟ್ ಲ್ಯಾಬ್ ಅಂತ ಫೋಟೋ ಸಮೇತ ಹಾಕಿದ್ರು. ಒಳಗೆ ಹೋದ್ರೆ ಸಿಸ್ಟಮ್‌ಗಳಲ್ಲಿ ಒಂದಷ್ಟು ಆನ್ ಆಗಲ್ಲ, ಆನ್ ಆದವು ಒಂದು ಸ್ಯಾಟಲೈಟ್ ಇಮೇಜ್ ಓಪನ್ ಮಾಡಿದ್ರೆ ಅಲ್ಲೇ ತೂಕಡಿಸ್ತವೆ, ಪವರ್ ಹೋದ್ರೆ ಯುಪಿಎಸ್ ಕೀ ಅಂತ ಕಿರುಚಿ ಎಲ್ಲಾ ಕೆಲಸ ಹೋಯ್ತು, ಸೇವ್ ಮಾಡ್ಲಿಲ್ವಾ ಅಂತ ನಮಗೇ ಬೈಗುಳ. ಹೇಳ್ಕೊಟ್ಟಿದ್ದು ಆರ್ಕ್‌ಮ್ಯಾಪ್ ಅನ್ನೋ ದುಡ್ಡು ಕೊಟ್ಟು ತಗೊಳ್ಳೋ ಹಳೇ ಜಿಐಎಸ್ ಸಾಫ್ಟ್‌ವೇರ್. ಅದನ್ನ ಮಾಡಿದ ಕಂಪನಿಯೇ 2026ರ ಮಾರ್ಚ್‌ಗೆ ಸಪೋರ್ಟ್ ಮುಗಿಯತ್ತೆ, ಹೊಸ ಆರ್ಕ್‌ಜಿಐಎಸ್ ಪ್ರೋಗೆ ಹೋಗಿ ಅಂತ ವರ್ಷಗಳ ಮುಂಚೆನೇ ಹೇಳಿತ್ತು, ನಮ್ಮ ಲ್ಯಾಬ್ ಮ್ಯಾನ್ಯುಅಲ್‌ಗೆ ಮಾತ್ರ ಆ ಸುದ್ದಿ ಮುಟ್ಟಿರಲಿಲ್ಲ. ಅದೂ ಲೈಸೆನ್ಸ್ ಇದ್ದಿದ್ದು ಕೆಲವೇ ಸೀಟಿಗೆ, ಬೇಗ ಬಂದೋರಿಗೆ ಸಿಗ್ತಿತ್ತು, ಲೇಟಾಗಿ ಬಂದೋರು ಪಕ್ಕದವರ ಸ್ಕ್ರೀನ್ ನೋಡ್ಕೊಂಡು ನಿಲ್ಲೋದು. ಸ್ಪೇಷಿಯಲ್ ಅನಾಲಿಸ್ಟ್ ಎಕ್ಸ್‌ಟೆನ್ಷನ್ ಎಕ್ಸ್‌ಪೈರ್ ಆಗಿ ಸೆಮಿಸ್ಟರ್ ಪೂರ್ತಿ ಟೂಲುಗಳೆಲ್ಲ ಬೂದು ಬಣ್ಣಕ್ಕೆ ತಿರುಗಿ ಕೂತಿದ್ವು. ಇಷ್ಟಾದ್ರೂ ರೆಕಾರ್ಡ್ ಬುಕ್ ಮಾತ್ರ ಬಿಡಲ್ಲ. ಸ್ಕ್ರೀನ್‌ಶಾಟ್ ಕಲರ್ ಪ್ರಿಂಟ್ ತೆಗೆಸಿ, ಅಂಟಿಸಿ, ಪಕ್ಕದಲ್ಲಿ ಕ್ಲಿಕ್ ಆನ್ ಫೈಲ್, ಕ್ಲಿಕ್ ಆನ್ ಆಡ್ ಡೇಟಾ ಅಂತ ಕೈಯಲ್ಲಿ ಬರೀಬೇಕು. ಜೆರಾಕ್ಸ್ ಅಂಗಡಿಯವರು ಮಾತ್ರ ಉದ್ಧಾರ ಆದ್ರು.

ಕೊನೆಗೆ ನಮ್ಮನ್ನ ಕಾಪಾಡಿದ್ದು ಕ್ಯುಜಿಐಎಸ್ ಅನ್ನೋ ಇನ್ನೊಂದು ಸಾಫ್ಟ್‌ವೇರ್. 2002ರಲ್ಲಿ ಗ್ಯಾರಿ ಶೆರ್ಮನ್ ಅನ್ನೋರು ಶುರು ಮಾಡಿದ್ದು, ಫ್ರೀ, ಓಪನ್ ಸೋರ್ಸು, ನಿಮ್ಮ ಹಳೇ ಲ್ಯಾಪ್‌ಟಾಪಲ್ಲೂ ಓಡತ್ತೆ, ಮತ್ತೆ ಲ್ಯಾಬಲ್ಲಿ ಮಾಡಿಸಿದ್ದೆಲ್ಲ ಇದರಲ್ಲೂ ಆಗತ್ತೆ. ಒಬ್ಬಳು ಸೀನಿಯರ್ ಅಕ್ಕ ಶನಿವಾರ ಕ್ಯಾಂಟೀನಲ್ಲಿ ಕೂರಿಸ್ಕೊಂಡು ಹೇಳ್ಕೊಟ್ಟಿದ್ದು, ಯೂನಿವರ್ಸಿಟಿ ಇದಕ್ಕೇನೂ ಮಾಡಿಲ್ಲ. ಕನ್ನಡದಲ್ಲಿ ವಾರ್ಡ್ ಹೆಸರು ಹಾಕಿದ್ರೆ ಯಾಕೆ ಬರೀ ಪ್ರಶ್ನಾರ್ಥಕ ಚಿಹ್ನೆ ಬರತ್ತೆ ಅನ್ನೋದನ್ನೂ ಅವಳೇ ತೋರಿಸಿದ್ದು. ಮ್ಯಾಪ್ ಡೇಟಾ ಇಡೋ ಶೇಪ್‌ಫೈಲ್ ಅನ್ನೋದು ಹೆಸರಿಗೆ ಒಂದು ಫೈಲು, ನಿಜಕ್ಕೂ ಮೂರ್ನಾಲ್ಕು ಫೈಲುಗಳ ಗುಂಪು, ಅದರಲ್ಲಿ ಹೆಸರು ಅಂಕಿಅಂಶ ಇರೋದು ಡಿಬಿಎಫ್ ಅನ್ನೋ ಓಬೀರಾಯನ ಕಾಲದ ಟೇಬಲಲ್ಲಿ. ಕಾಲಮ್ ಹೆಸರು ಹತ್ತು ಅಕ್ಷರ ದಾಟಂಗಿಲ್ಲ, ಎನ್‌ಕೋಡಿಂಗ್ ಯುಟಿಎಫ್ 8 (ಕನ್ನಡಾನೂ ಹಿಡಿಸೋ ಅಕ್ಷರ ಪದ್ಧತಿ) ಅಂತ ಹೇಳದೇ ಇದ್ರೆ ಮಲ್ಲೇಶ್ವರ ಹೋಗಿ ಒಂದಷ್ಟು ಪ್ರಶ್ನೆ ಗುರುತಾಗತ್ತೆ. ಜಿಯೋಪ್ಯಾಕೇಜ್ ಅನ್ನೋ ಹೊಸ ಫಾರ್ಮ್ಯಾಟಲ್ಲಿ ಸೇವ್ ಮಾಡಿದ್ರೆ ಈ ರಗಳೆ ಒಂದೂ ಇಲ್ಲ, ಒಂದೇ ಫೈಲು, ಕನ್ನಡ ಕನ್ನಡವಾಗೇ ಇರತ್ತೆ. ಪೇನ್‌ಡ್ರೈವಲ್ಲಿ ಬರೀ ಎಸ್‌ಎಚ್‌ಪಿ ಫೈಲ್ ಒಂದನ್ನೇ ಕಾಪಿ ಮಾಡ್ಕೊಂಡು ಬಂದು, ಓಪನ್ ಆಗ್ತಿಲ್ಲ ಅಂತ ಇಂಟರ್ನಲ್ಸ್ ದಿನ ಅಳೋರು ಪ್ರತಿ ಬ್ಯಾಚಲ್ಲೂ ಇರ್ತಾರೆ.

ಸ್ಪೇಷಿಯಲ್ ಅನಾಲಿಸಿಸ್ ಪೇಪರ್ ಬಗ್ಗೆ ಸ್ವಲ್ಪ ಉದ್ದ ಬರೀತೀನಿ, ಯಾಕಂದ್ರೆ ಈ ರಿವ್ಯೂ ಬರೀತಿರೋದೇ ಅದಕ್ಕೆ. ಟೋಬ್ಲರ್ ಅಂತ ಒಬ್ಬರು 1970ರಲ್ಲಿ ಹೇಳಿದ್ದು, ಎಲ್ಲಕ್ಕೂ ಎಲ್ಲದರ ಜೊತೆ ಸಂಬಂಧ ಇರತ್ತೆ, ಆದ್ರೆ ದೂರದ್ದಕ್ಕಿಂತ ಹತ್ತಿರದ್ದರ ಜೊತೆ ಜಾಸ್ತಿ ಅಂತ. ಕೇಳೋಕೆ ನಮ್ಮಜ್ಜಿಗೂ ಗೊತ್ತಿರೋ ವಿಷಯ ಅನ್ಸತ್ತೆ. ಆದ್ರೆ ಮಾಮೂಲಿ ಸ್ಟ್ಯಾಟಿಸ್ಟಿಕ್ಸ್ ಒಂದೊಂದು ಲೆಕ್ಕಾನೂ ಬೇರೆಬೇರೆ, ಒಂದಕ್ಕೊಂದು ಸಂಬಂಧ ಇಲ್ಲ ಅಂದ್ಕೊಂಡೇ ಶುರುವಾಗೋದು, ನೆಲದ ಮೇಲೆ ಹಾಗಿರಲ್ಲ, ಜಯನಗರ ನಾಲ್ಕನೇ ಬ್ಲಾಕಿನ ಬಾಡಿಗೆ ಮೂರನೇ ಬ್ಲಾಕಿನ ಬಾಡಿಗೆ ನೋಡ್ಕೊಂಡೇ ಏರೋದು. ಅದನ್ನ ಅಳೆಯೋಕೆ ಮೊರಾನ್ಸ್ ಐ ಅಂತ ಒಂದು ಸಂಖ್ಯೆ, ಒಂದೇ ಥರದವು ಅಕ್ಕಪಕ್ಕ ಗುಂಪಾಗಿದ್ರೆ ಒಂದರ ಕಡೆಗೆ ಹೋಗತ್ತೆ, ಚೆಲ್ಲಾಪಿಲ್ಲಿ ಇದ್ರೆ ಸೊನ್ನೆ ಹತ್ರ. ಬೋರ್ಡ್ ಮೇಲೆ ಒಂಬತ್ತು ಚೌಕ ಬರೆದು ಕೈಯಲ್ಲೇ ಲೆಕ್ಕ ಮಾಡ್ಸಿದ್ರು, ಕ್ಯಾಲ್ಕುಲೇಟರ್ ಹಿಡ್ಕೊಂಡು ಬೆವರಿಳಿಸ್ಕೊಂಡು. ಆಗ ಶಾಪ ಹಾಕಿದ್ವಿ. ಒಂದ್ಸಲ ಕೈಯಲ್ಲಿ ಮಾಡಿದೋರಿಗೆ ಪಕ್ಕದ ಮನೆ ಅಂದ್ರೆ ಯಾವುದು ಅನ್ನೋದನ್ನ ನಾವೇ ತೀರ್ಮಾನ ಮಾಡ್ಬೇಕು, ಅದು ಬದಲಾದ್ರೆ ಉತ್ತರಾನೂ ಬದಲಾಗತ್ತೆ ಅನ್ನೋದು ಮರೆಯಲ್ಲ.

ಇದಕ್ಕಿಂತ ತಲೆಗೆ ಹೊಡೆದಿದ್ದು ವಾರ್ಡುಗಳ ಎಕ್ಸರ್ಸೈಸ್. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿ ಸೇರಿಸಿ ಬಿಬಿಎಂಪಿ ಮಾಡಿದ್ರು, ವಾರ್ಡು 198 ಆಯ್ತು. 2022ರಲ್ಲಿ ಅದನ್ನೇ 243 ಮಾಡಿದ್ರು, 2023ರಲ್ಲಿ 225. ಈಗ ಬಿಬಿಎಂಪಿನೇ ಇಲ್ಲ, ಗ್ರೇಟರ್ ಬೆಂಗಳೂರು ಅಂತ ಐದು ಪಾಲಿಕೆ. ಮೇಡಂ ಒಂದೇ ಪಾಯಿಂಟ್ ಡೇಟಾ ಕೊಟ್ರು, ಬಸ್ ಸ್ಟಾಪುಗಳು. ಒಂದು ಗುಂಪಿಗೆ 198ರ ಗಡಿ, ಇನ್ನೊಂದಕ್ಕೆ 243ರ ಗಡಿ. ಬಸ್ ಸೌಕರ್ಯ ಅತಿ ಕಮ್ಮಿ ಇರೋ ವಾರ್ಡುಗಳ ಪಟ್ಟಿ ಮಾಡಿ ಅಂದ್ರು. ನೆಲದ ಮೇಲೆ ಒಂದೇ ಒಂದು ಸ್ಟಾಪೂ ಅಲುಗಾಡಿಲ್ಲ, ಆದ್ರೂ ಎರಡು ಗುಂಪಿನ ಪಟ್ಟಿ ಬೇರೆಬೇರೆ ಬಂತು. ಗೆರೆ ಎಲ್ಲಿ ಎಳೀತೀರಿ ಅನ್ನೋದರ ಮೇಲೆ ಬಡ ವಾರ್ಡು ಯಾವುದು ಅನ್ನೋದು ತೀರ್ಮಾನ ಆಗತ್ತೆ, ಪುಸ್ತಕದಲ್ಲಿ ಇದಕ್ಕೆ ಮಾಡಿಫೈಯಬಲ್ ಏರಿಯಲ್ ಯೂನಿಟ್ ಪ್ರಾಬ್ಲಮ್ ಅಂತ ದೊಡ್ಡ ಹೆಸರು, ನಾವು ಮೌಪ್ ಅಂತಿದ್ವಿ. ಜೊತೆಗೆ ಜನಸಂಖ್ಯೆ ಬೇಕಂದ್ರೆ ಕೈಲಿರೋದು 2011ರ ಸೆನ್ಸಸ್, ಬಿಬಿಎಂಪಿ ವ್ಯಾಪ್ತಿಲಿ ಆಗ ಸುಮಾರು 84 ಲಕ್ಷ, ಅದೂ 198 ವಾರ್ಡಿನ ಲೆಕ್ಕದಲ್ಲಿ. ಅದನ್ನ ಹೊಸ ಗಡಿಗೆ ಹಂಚ್ಬೇಕಂದ್ರೆ ಏರಿಯಾ ಪ್ರಕಾರ ಹಂಚ್ತೀರಾ, ಕಟ್ಟಡ ಎಷ್ಟಿದೆ ನೋಡಿ ಹಂಚ್ತೀರಾ? ಏರಿಯಾ ಪ್ರಕಾರ ಹಂಚಿದ್ರೆ ಕೆರೆ ಅಂಗಳದಲ್ಲೂ ಸಾವಿರಾರು ಜನ ವಾಸ ಮಾಡ್ತಾರೆ. ಪೇಪರಲ್ಲಿ ವಾರ್ಡುವಾರು ಬಣ್ಣಬಣ್ಣದ ಮ್ಯಾಪ್ ಬಂದ್ರೆ ಈಗ ನನ್ನ ಕಣ್ಣು ಮೊದಲು ಹೋಗೋದು ಯಾವ ವರ್ಷದ ಗಡಿ ಅನ್ನೋ ಕಡೆಗೆ, ಮತ್ತೆ ಬರೀ ಸಂಖ್ಯೆನೋ ಇಲ್ಲ ಜನಕ್ಕೆ ಭಾಗಿಸಿದ್ದಾರೋ ಅಂತ. ಪೇಟೆ ಕಡೆಯ ವಾರ್ಡ್ ಅಂಗೈಯಗಲ, ಬೆಳ್ಳಂದೂರು ಕಡೆ ಕಣ್ಣು ಹಾಯಿಸಿದಷ್ಟು ದೂರ, ಬರೀ ಸಂಖ್ಯೆ ಹಾಕಿ ಬಣ್ಣ ತುಂಬಿದ್ರೆ ಹೊರಗಿನ ವಾರ್ಡುಗಳೇ ಯಾವಾಗ್ಲೂ ಕಡುಗೆಂಪು.

ನಮ್ಮ ಬ್ಯಾಚಿನ ಒಬ್ಬ ರಸ್ತೆ ಗುಂಡಿ ಕಂಪ್ಲೇಂಟುಗಳ ಹಾಟ್‌ಸ್ಪಾಟ್ ಮ್ಯಾಪ್ ಮಾಡಿದ್ದ, ನೋಡೋಕೆ ಸಕ್ಕತ್ತಾಗಿತ್ತು, ಕೋರಮಂಗಲ ಎಚ್‌ಎಸ್‌ಆರ್ ಕೆಂಪಗೆ ಉರೀತಿದ್ವು. ಮೇಡಂ ಒಂದೇ ಪ್ರಶ್ನೆ ಕೇಳಿದ್ರು, ಇದು ಗುಂಡಿ ಇರೋ ಜಾಗನೋ, ಆ್ಯಪ್‌ನಲ್ಲಿ ಕಂಪ್ಲೇಂಟ್ ಮಾಡೋ ಜನ ಇರೋ ಜಾಗನೋ? ಅವನು ಗಪ್‌ಚಿಪ್. ಹೆಗ್ಗನಹಳ್ಳಿ ಕಡೆ ಗುಂಡಿ ಇಲ್ಲ ಅಂತಲ್ಲ, ಅಲ್ಲಿ ಯಾರೂ ಕೂತು ಆ್ಯಪ್ ತೆಗೆದು ಫೋಟೋ ಹಾಕಲ್ಲ ಅಷ್ಟೇ. ಇಂಥ ಒಂದು ಪ್ರಶ್ನೆಗೆ ನಾನು ಆ ಸೆಮಿಸ್ಟರ್ ಫೀಸು ಪೂರ್ತಿ ಕೊಡೋಕೆ ರೆಡಿ.

ಮಳೆ ಮ್ಯಾಪಿನದ್ದೂ ಅಷ್ಟೇ. ಬೆಂಗಳೂರು ಮಳೆ ನಿಮಗೆ ಗೊತ್ತಲ್ಲ, ಯಲಹಂಕದಲ್ಲಿ ಸುರೀತಿದ್ರೆ ಬನಶಂಕರಿಲಿ ಬಟ್ಟೆ ಒಣಗ್ತಿರತ್ತೆ. ಮಳೆ ಮಾಪನ ಇರೋ ಜಾಗದ ಅಂಕಿ ತಗೊಂಡು ಮಧ್ಯದ ಜಾಗಗಳನ್ನ ಊಹಿಸೋದಕ್ಕೆ ಇಂಟರ್ಪೊಲೇಷನ್. ಸುಲಭದ ವಿಧಾನ ಐಡಿಡಬ್ಲ್ಯೂ, ಹತ್ತಿರದ ಸ್ಟೇಷನ್ನಿಗೆ ಜಾಸ್ತಿ ತೂಕ ಕೊಡೋದು, ಅದರಲ್ಲಿ ಒಂದೊಂದು ಸ್ಟೇಷನ್ ಸುತ್ತ ಉಂಗುರ ಉಂಗುರವಾಗಿ ಬಣ್ಣ ಬರತ್ತೆ, ಮಳೆ ಹಾಗೆ ಉಂಗುರ ಹಾಕ್ಕೊಂಡು ಬರಲ್ಲ ತಾನೇ. ಕ್ರಿಗಿಂಗ್ ಅನ್ನೋದು ಸ್ವಲ್ಪ ಬುದ್ಧಿವಂತಿಕೆದು, ದಕ್ಷಿಣ ಆಫ್ರಿಕಾದ ಚಿನ್ನದ ಗಣಿಗಳಲ್ಲಿ ಕೆಲಸ ಮಾಡಿದ ಡ್ಯಾನಿ ಕ್ರಿಗ್ ಅನ್ನೋ ಇಂಜಿನಿಯರ್ ಹೆಸರಿಂದ ಬಂದಿದ್ದು, ದೂರ ಹೆಚ್ಚಿದಂಗೆ ಅಂಕಿಗಳು ಎಷ್ಟು ಬೇರೆ ಆಗ್ತವೆ ಅಂತ ಮೊದಲು ಡೇಟಾನ್ನೇ ಕೇಳತ್ತೆ, ಮತ್ತೆ ಎಲ್ಲಿ ತನ್ನ ಊಹೆ ಎಷ್ಟು ಡೌಟು ಅನ್ನೋದಕ್ಕೂ ಒಂದು ಮ್ಯಾಪ್ ಕೊಡತ್ತೆ. ಕೆಜಿಎಫ್ ಇರೋ ರಾಜ್ಯದಲ್ಲಿ ಕೂತು ಚಿನ್ನದ ಗಣಿ ಲೆಕ್ಕವನ್ನ ಮಳೆಗೆ ಹಾಕೋದು ನನಗೆ ಮಜಾ ಅನ್ಸಿತ್ತು.

ಎಲೆಕ್ಟಿವಲ್ಲಿ ನಾನು ಹೈಡ್ರಾಲಜಿ, ಅಂದ್ರೆ ನೀರು ಹರಿಯೋದರ ಪಾಠ ತಗೊಂಡೆ, 2022ರ ಸೆಪ್ಟೆಂಬರಲ್ಲಿ ಸರ್ಜಾಪುರ ರೋಡ್, ಯಮಲೂರು ಕಡೆ ವಿಲ್ಲಾಗಳೊಳಗೆ ಟ್ರ್ಯಾಕ್ಟರ್ ಹೋಗಿದ್ದು ನೋಡಿದ್ದರಿಂದ. ಪಾಠ ಮಾತ್ರ ಮ್ಯಾನ್ಯುಅಲ್ ಪ್ರಕಾರ, ಡಿಇಎಂ (ನೆಲದ ಎತ್ತರದ ಡೇಟಾ) ತಗೋ, ಫಿಲ್ ಸಿಂಕ್ಸ್ ಒತ್ತು, ಫ್ಲೋ ಡೈರೆಕ್ಷನ್ ಒತ್ತು, ಫ್ಲೋ ಅಕ್ಯುಮುಲೇಷನ್ ಒತ್ತು. ಫಿಲ್ ಸಿಂಕ್ಸ್ ಅಂದ್ರೆ ತಗ್ಗು ಇರೋ ಕಡೆಯೆಲ್ಲ ಮಣ್ಣು ತುಂಬಿದ ಹಾಗೆ ಸಮ ಮಾಡೋದು, ನೀರು ಎಲ್ಲೂ ನಿಲ್ದೇ ಹರೀಲಿ ಅಂತ. ಬೆಂಗಳೂರಲ್ಲಿ ಆ ತಗ್ಗುಗಳೇ ಕೆರೆಗಳು! ಕೆಂಪೇಗೌಡ್ರ ಕಾಲದಿಂದ ಕಟ್ಟೆ ಕಟ್ಟಿ ನೀರು ನಿಲ್ಲಿಸಿದ್ದನ್ನ ಒಂದು ಬಟನ್ನಲ್ಲಿ ಮುಚ್ಚಿಬಿಡೋದು, ಅದನ್ನ ಬಿಲ್ಡರ್‌ಗಳು ಆಗ್ಲೇ ಸಾಕಷ್ಟು ಮಾಡಿದ್ದಾರೆ. ಇನ್ನು ಫ್ರೀಯಾಗಿ ಸಿಗೋ ಎಸ್‌ಆರ್‌ಟಿಎಂ ಅನ್ನೋ ಎತ್ತರದ ಡೇಟಾ 2000ನೇ ಇಸವಿ ಫೆಬ್ರವರಿದು, 30 ಮೀಟರ್ ಚೌಕ, ಅದರಲ್ಲಿ ಮರದ ತುದಿ ಮಹಡಿ ಎಲ್ಲಾ ನೆಲದ ಎತ್ತರದ ಜೊತೆ ಕಲಸಿಕೊಂಡಿರತ್ತೆ. ಕೆಲವು ಮೀಟರ್ ಅಗಲದ ರಾಜಕಾಲುವೆ ಅದರಲ್ಲಿ ಕಾಣೋದು ಎಲ್ಲಿಂದ? ರಸ್ತೆ ಏರಿ ಕೆಳಗಿರೋ ಮೋರಿ ಗೊತ್ತಾಗದೆ ರಸ್ತೆನೇ ಅಣೆಕಟ್ಟು ಅಂದ್ಕೊಳ್ಳತ್ತೆ. ಅದಕ್ಕೆ ಕಾಲುವೆ ಗೆರೆಗಳನ್ನ ಬೇರೆ ಕಡೆಯಿಂದ ತಂದು ಡಿಇಎಂನಲ್ಲಿ ಕೊರೆಯೋದು ಅಂತ ಒಂದು ವಿಧಾನ ಇದೆ, ಸ್ಟ್ರೀಮ್ ಬರ್ನಿಂಗ್ ಅಂತಾರೆ, ಇದನ್ನ ನಮಗೆ ಕ್ಲಾಸಲ್ಲಿ ಹೇಳ್ಲೇ ಇಲ್ಲ, ಪ್ರಾಜೆಕ್ಟಲ್ಲಿ ಗಂಟು ಬಿದ್ದಾಗ ಹುಡುಕಿ ಕಲ್ತಿದ್ದು. ಈ ಎಲೆಕ್ಟಿವಿಗೆ ನನ್ನಿಂದ ಎರಡು ಸ್ಟಾರ್ರು. ರಿಮೋಟ್ ಸೆನ್ಸಿಂಗ್ ಪೇಪರ್ ಪರವಾಗಿಲ್ಲ, ಒಂದೇ ಮಾತು ಹೇಳ್ತೀನಿ, 2017ರ ಆಸುಪಾಸಿನ ಇಮೇಜಲ್ಲಿ ಬೆಳ್ಳಂದೂರು ಕೆರೆನ ಕಂಪ್ಯೂಟರಿಗೆ ಕ್ಲಾಸಿಫೈ ಮಾಡೋಕೆ ಬಿಟ್ರೆ ಜೊಂಡು ಅಂತರಗಂಗೆ ನೋಡಿ ಒಳ್ಳೇ ಹಸಿರು ಪ್ರದೇಶ ಅಂತ ಸರ್ಟಿಫಿಕೇಟ್ ಕೊಡತ್ತೆ.

ಫೀಲ್ಡ್ ವರ್ಕ್. ದೊಡ್ಡಬಳ್ಳಾಪುರ ಕಡೆಯ ಒಂದು ಹಳ್ಳಿ. ಗ್ರಾಮ ನಕ್ಷೆನ ಸ್ಕ್ಯಾನ್ ಮಾಡಿ, ಜಿಪಿಎಸ್ ಪಾಯಿಂಟ್ ತಗೊಂಡು, ಸ್ಯಾಟಲೈಟ್ ಇಮೇಜ್ ಮೇಲೆ ಕೂರಿಸ್ಬೇಕು. ನಾವು ಗುಂಪಾಗಿ ಟ್ರೈಪಾಡ್ ಹೊತ್ಕೊಂಡು ಹೊಲದ ಬದು ಮೇಲೆ ನಿಂತಿದ್ದೇ ತಡ, ಒಬ್ಬರು ವಯಸ್ಸಾದ ಯಜಮಾನ್ರು ರಾಗಿ ಹೊಲದಿಂದ ಎದ್ದು ಬಂದ್ರು, ಯಾವ ರೋಡಿಗಪ್ಪಾ ಅಳೀತಿರೋದು ಅಂತ. ರೋಡಿಗಲ್ಲ ತಾತ, ಓದೋ ಹುಡುಗ್ರು ನಾವು ಅಂದ್ರೆ ನಂಬಲ್ಲ, ಹಿಂಗೇ ಹೇಳ್ಕೊಂಡು ಬಂದೋರು ಆಮೇಲೆ ನೋಟಿಸ್ ಕಳಿಸಿದ್ರು ಅಂದ್ರು. ಮೇಡಂ ಬಂದು ಕೂತು, ತಾತನ ಪಹಣಿ ವಿಷಯ ಮಾತಾಡಿ, ಫೋನಲ್ಲಿ ದಿಶಾಂಕ್ ಆ್ಯಪ್ ತೆಗೆದು ನಿಂತಿರೋ ಜಾಗದ ಸರ್ವೆ ನಂಬರ್ ತೋರಿಸಿದ್ಮೇಲೆ ಅವರು ಸಡಿಲ ಆಗಿದ್ದು. ಆಮೇಲೆ ಅವರೇ ನಮ್ಮ ಮೇಷ್ಟ್ರು. ಬಾಂದು ಕಲ್ಲು ಎಲ್ಲಿದೆ, ಯಾವುದನ್ನ ಯಾರು ಕಿತ್ತು ಹಾಕಿದ್ರು, ಗುಂಡುತೋಪು ಎಲ್ಲಿವರೆಗಿತ್ತು, ಕೋಡಿ ಹರಿದ್ರೆ ನೀರು ಯಾವ ಕಡೆ ಹೋಗ್ತಿತ್ತು, ಹದ್ದುಬಸ್ತಿಗೆ ಅರ್ಜಿ ಹಾಕಿ ಎಷ್ಟು ವರ್ಷ ಆಯ್ತು, ಎಲ್ಲಾ ಬೆರಳಲ್ಲಿ ತೋರಿಸ್ತಾ ಹೋದ್ರು. ನಕ್ಷೇಲಿ ಮೂರು ಗಡಿ ಸೇರೋ ಕಲ್ಲು ಒಂದು ಬೇಕಿತ್ತು ಕಂಟ್ರೋಲ್ ಪಾಯಿಂಟಿಗೆ, ಅಂದ್ರೆ ನಕ್ಷೆನ ಇಮೇಜಿಗೆ ಹೊಂದಿಸೋ ಗುರುತಿಗೆ, ಲಂಟಾನಾ ಪೊದೆ ಒಳಗೆ ಕೋಲಲ್ಲಿ ಬಿಡಿಸಿ ಅವರೇ ತೋರಿಸಿದ್ರು.

ಆ ಗ್ರಾಮ ನಕ್ಷೆಗಳು 1:7920 ಸ್ಕೇಲು. ವಿಚಿತ್ರ ನಂಬರ್ ಅನ್ಸತ್ತೆ, ಒಂದು ಇಂಚಿಗೆ ಹತ್ತು ಸರಪಳಿ ಅಂತ ಗೊತ್ತಾದ್ರೆ ಸರಿಹೋಗತ್ತೆ, ಸರಪಳಿ ಅಂದ್ರೆ 66 ಅಡಿ. ಅದರರ್ಧ 33, 33 ಅಡಿ ಉದ್ದ 33 ಅಡಿ ಅಗಲ ಅಂದ್ರೆ 1089 ಚದರಡಿ, ಅದೇ ಒಂದು ಗುಂಟೆ. ಹಳ್ಳಿಲಿ ಹುಟ್ಟಿ ಚಿಕ್ಕಂದಿನಿಂದ ಗುಂಟೆ ಗುಂಟೆ ಅಂತ ಕೇಳಿದೋನಿಗೆ ಅದು ಸರಪಳಿ ಎಳೆದು ಬಂದ ಅಳತೆ ಅನ್ನೋದು ಎಂ.ಎಸ್ಸಿಲಿ ಗೊತ್ತಾಗಿದ್ದು. ಲ್ಯಾಂಬ್ಟನ್ ಅನ್ನೋ ಸರ್ವೆಯರ್ 1800ರಲ್ಲಿ ಬೆಂಗಳೂರು ಹತ್ರಾನೇ ಬೇಸ್‌ಲೈನ್, ಅಂದ್ರೆ ಮುಂದಿನ ಸರ್ವೆಗೆಲ್ಲ ಆಧಾರದ ಗೆರೆ ಅಳೆದಿದ್ದ, ಅದೂ ಸರಪಳಿಲೇ. ನಕ್ಷೆ ಇಮೇಜ್ ಮೇಲೆ ಎಷ್ಟೇ ಚೆನ್ನಾಗಿ ಕೂರಿಸಿದ್ರೂ ಕೆಲವು ಕಡೆ ಬದು ಕೆಲವು ಮೀಟರ್ ಜರುಗಿರತ್ತೆ, ಕಾಗದ ಸುಕ್ಕಾಗಿರೋದು, ನಕಲು ಮಾಡಿದವರ ಕೈ, ಒತ್ತುವರಿ, ಯಾವುದು ಕಾರಣ ಅಂತ ಕೂತು ಬಿಡಿಸ್ಬೇಕು. ಇದನ್ನ ಯಾವ ಆನ್‌ಲೈನ್ ಕೋರ್ಸೂ ಕಲಿಸಲ್ಲ, ಸಾಧ್ಯಾನೂ ಇಲ್ಲ. ಬೇಜಾರಂದ್ರೆ ಇಂಥ ಫೀಲ್ಡ್ ವರ್ಕಿಗೆ ಬಸ್ ಕೊಡೋಕೆ ಆಫೀಸಲ್ಲಿ ಲೆಟರ್ ಮೇಲೆ ಲೆಟರ್, ಕೊನೆಗೆ ನಾವೇ ದುಡ್ಡು ಹಾಕಿ ಟಿಟಿ ಮಾಡಿದ್ವಿ.

ಕೆಲಸದ ವಿಷಯ ಎಲ್ಲರೂ ಕೇಳೋದು. ಕ್ಯಾಂಪಸ್ಸಿಗೆ ಬಂದ ಕಂಪನಿಗಳು ಕಮ್ಮಿ, ಬಂದವೂ ಹೆಚ್ಚಾಗಿ ಡಿಜಿಟೈಸೇಷನ್ನಿಗೆ, ಅಂದ್ರೆ ಬೆಳಿಗ್ಗೆಯಿಂದ ಸಂಜೆವರೆಗೆ ಇಮೇಜ್ ನೋಡಿ ರಸ್ತೆ, ಕಟ್ಟಡ ಗೆರೆ ಎಳೆಯೋದು, ಶಿಫ್ಟಲ್ಲಿ, ಟಾರ್ಗೆಟ್ ಇಟ್ಟು. ಅದೇ ಬಿಲ್ಡಿಂಗಲ್ಲಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರೋ ಹುಡುಗ್ರ ಸಂಬಳ ಕೇಳಿದ್ರೆ ಹೊಟ್ಟೆ ಉರಿಯತ್ತೆ. ಸರ್ಕಾರಿ ಕಡೆ ಪ್ರಾಜೆಕ್ಟ್ ಅಸಿಸ್ಟೆಂಟ್ ಥರ ಕಾಂಟ್ರ್ಯಾಕ್ಟ್ ಪೋಸ್ಟುಗಳು ಬರ್ತಿರ್ತವೆ, ಕೆಲಸ ಚೆನ್ನಾಗಿರತ್ತೆ, ರಿನ್ಯೂವಲ್ ಚಿಂತೆ ಮಾತ್ರ ತಪ್ಪಲ್ಲ. ಮ್ಯಾಪ್ ಡೇಟಾ ಮೇಲಿದ್ದ ಕಟ್ಟುನಿಟ್ಟನ್ನ 2021ರಲ್ಲಿ ಕೇಂದ್ರದವರು ಸಡಿಲ ಮಾಡಿದ್ಮೇಲೆ, 2022ರಲ್ಲಿ ಜಿಯೋಸ್ಪೇಷಿಯಲ್ ಪಾಲಿಸಿ ಬಂದ್ಮೇಲೆ ಪ್ರೈವೇಟಲ್ಲಿ ಓಪನಿಂಗ್ ಕಾಣ್ತಿವೆ, ಆದ್ರೆ ಅವರು ಕೇಳೋದು ಪೈಥಾನ್ ಪ್ರೋಗ್ರಾಮಿಂಗ್, ಮ್ಯಾಪ್ ಡೇಟಾಬೇಸ್ ಆದ ಪೋಸ್ಟ್‌ಜಿಐಎಸ್, ಆನ್‌ಲೈನಲ್ಲೇ ಸ್ಯಾಟಲೈಟ್ ಇಮೇಜ್ ಲೆಕ್ಕ ಹಾಕೋ ಗೂಗಲ್ ಅರ್ಥ್ ಇಂಜಿನ್. ನಮ್ಮ ಸಿಲಬಸಲ್ಲಿ ಪೈಥಾನಿಗೆ ಇದ್ದಿದ್ದು ಒಂದು ಯೂನಿಟ್ಟು, ಅದರಲ್ಲೂ ಪ್ರಿಂಟ್ ಹೆಲೋ ವರ್ಲ್ಡ್ ದಾಟ್ಲಿಲ್ಲ. ಒಂದು ಎಸ್‌ಕ್ಯೂಎಲ್ ಕ್ವೆರಿಲಿ ಎರಡು ಟೇಬಲ್ ಸ್ಪೇಷಿಯಲ್ ಜಾಯಿನ್ ಮಾಡೋಕೆ, ಅಂದ್ರೆ ಜಾಗ ನೋಡಿ ಜೋಡಿಸೋಕೆ ಬಂದ್ರೆ ನೀವು ಡಿಜಿಟೈಸೇಷನ್ ಸೀಟಲ್ಲಿ ಕೂರೋ ಅವಶ್ಯಕತೆ ಇಲ್ಲ, ಅದನ್ನ ನೀವೇ ಕಲೀಬೇಕು.

ಹಾಗಾದ್ರೆ ಮನೇಲೇ ಕೂತು ಕಲಿಯೋದಲ್ವಾ ಅಂದ್ರೆ, ಟೂಲ್ ಕಲಿಯೋದಾದ್ರೆ ಹೌದು, ಧಾರಾಳವಾಗಿ. ಡೆಹ್ರಾಡೂನಿನ ಐಐಆರ್‌ಎಸ್ ಅಂದ್ರೆ ಇಸ್ರೋದವರದ್ದೇ, ಅವರು ಫ್ರೀ ಆನ್‌ಲೈನ್ ಕೋರ್ಸ್ ನಡೆಸ್ತಾರೆ, ಸರ್ಟಿಫಿಕೇಟೂ ಕೊಡ್ತಾರೆ. ಇಸ್ರೋದ ಭುವನ್ ಪೋರ್ಟಲಲ್ಲಿ ನಮ್ಮ ದೇಶದ ಡೇಟಾ ಸಿಗತ್ತೆ, ಅಮೆರಿಕದ ಲ್ಯಾಂಡ್‌ಸ್ಯಾಟ್ ಸ್ಯಾಟಲೈಟ್ ಇಮೇಜ್ 1972ರಿಂದ ಇರೋದು 2008ರಿಂದ ಫ್ರೀ, ಯುರೋಪಿನ ಸೆಂಟಿನೆಲ್ 2 ಸ್ಯಾಟಲೈಟಿನ ಹತ್ತು ಮೀಟರ್ ಇಮೇಜ್ ಐದು ದಿನಕ್ಕೊಂದು ಫ್ರೀ. ನಿಮಗೆ ಈಗಾಗ್ಲೇ ಕೆಲಸ ಇದ್ದು ಮ್ಯಾಪ್ ಮಾಡೋದಷ್ಟೇ ಬೇಕಿದ್ರೆ ಎರಡು ವರ್ಷ, ಪಿಜಿ ಬಾಡಿಗೆ, ಫೀಸು, ಯಾವುದೂ ಬೇಡ. ಹಳ್ಳಿಯಿಂದ ಬಂದು ಡಿಗ್ರಿ ಮಾತ್ರ ಇದ್ದು, ಸರ್ಕಾರಿ ಪೋಸ್ಟಿಗೆ ಎಂ.ಎಸ್ಸಿ ಬೇಕು ಅಂತಿದ್ರೆ, ಇಲ್ಲ ಮುಂದೆ ಪಿಎಚ್‌ಡಿ ಯೋಚನೆ ಇದ್ರೆ, ಸೇರಿ. ಸೇರೋಕ್ ಮುಂಚೆ ಪ್ರಾಸ್ಪೆಕ್ಟಸ್ ನೋಡ್ಬೇಡಿ, ವಾರದ ಮಧ್ಯೆ ಒಂದು ಮಧ್ಯಾಹ್ನ ಸುಮ್ನೆ ಲ್ಯಾಬಿಗೆ ನುಗ್ಗಿ, ಅಲ್ಲಿರೋ ಸ್ಟೂಡೆಂಟ್ಸ್ ಹತ್ರ ಮೂರು ವಿಷಯ ಕೇಳಿ: ಲೈಸೆನ್ಸ್ ಎಷ್ಟು ಸೀಟಿಗಿದೆ, ಕಳೆದ ವರ್ಷ ಫೀಲ್ಡಿಗೆ ಎಲ್ಲಿಗೆ ಕರ್ಕೊಂಡು ಹೋಗಿದ್ರು, ಸ್ಪೇಷಿಯಲ್ ಅನಾಲಿಸಿಸ್ ಯಾರು ತಗೋತಾರೆ, ಅವರು ಪರ್ಮನೆಂಟಾ ಗೆಸ್ಟಾ. ನಮ್ಮ ಮೇಡಂ ಗೆಸ್ಟ್ ಫ್ಯಾಕಲ್ಟಿ ಆಗಿದ್ರು, ನಮ್ಮ ನಂತರದ ಬ್ಯಾಚಿಗೆ ಅವರು ಇರ್ಲಿಲ್ಲ, ಆ ಪೇಪರನ್ನ ಈಗ ಪಿಪಿಟಿ ಓದಿ ಮುಗಿಸ್ತಾರಂತೆ. ನನ್ನ ಮೂರೂವರೆ ಸ್ಟಾರಲ್ಲಿ ಎರಡು ಅವರದ್ದು, ಅದನ್ನ ಕಳೆದು ಲೆಕ್ಕ ಹಾಕ್ಕೊಳ್ಳಿ.